ಭಾರಿ ಲಾರಿಯ ಗರಿಷ್ಠ ವೇಗ: ಗೇರ್ ಬಾಕ್ಸ್ ಮತ್ತು ಹಿಂದಿನ ಆ್ಯಕ್ಸಲಿನ ಪಾತ್ರ

ಒಂದೇ ಕಾರ್ಖಾನೆಯಲ್ಲಿ ತಯಾರಾದ, ಒಂದೇ ಬಗೆಯ ಎಂಜಿನ್ ಹಾಗೂ ಒಂದೇ ಅಳತೆಯ ಟೈರುಗಳನ್ನುಳ್ಳ, ಸಮಾನ ತೂಕದ ಸರಕನ್ನು ಹೊತ್ತ ಎರಡು ಲಾರಿಗಳು ಸಮತಟ್ಟಾದ ಹೆದ್ದಾರಿಯಲ್ಲಿ ಸಾಗುತ್ತಿವೆಯೆಂದು ಇಟ್ಟುಕೊಳ್ಳಬಹುದು. ಮೊದಲನೆಯ ಲಾರಿಯು ಗಂಟೆಗೆ 67 ಕಿಲೋಮೀಟರ್ ವೇಗವನ್ನು ಮುಟ್ಟಿ ಅಲ್ಲಿಗೇ ನಿಲ್ಲುತ್ತದೆ; ಚಾಲಕನು ಆಕ್ಸಿಲರೇಟರನ್ನು ಎಷ್ಟು ತುಳಿದರೂ ವೇಗ ಅದಕ್ಕಿಂತ ಮೇಲೇರುವುದಿಲ್ಲ. ಇನ್ನೊಂದು ಸಲೀಸಾಗಿ 78 ಕಿಲೋಮೀಟರನ್ನು ಮುಟ್ಟುತ್ತದೆ. ಈ ಇನ್ನೊಂದೇ ಮೇಲೆಂದು ತೀರ್ಮಾನಿಸುವ ಮುನ್ನ ಅವೆರಡನ್ನೂ ಮುಂಬಯಿಯಿಂದ ಪುಣೆಗೆ ಹೋಗುವ ಭೋರ್ ಘಾಟಿನಂತಹ ಕಡಿದಾದ ಏರಿನಲ್ಲಿ ನೋಡಬೇಕು. ಅಲ್ಲಿ ಮೊದಲನೆಯದು ಮೂರನೆಯ ಗೇರಿನಲ್ಲಿ ಗಂಟೆಗೆ ಸುಮಾರು 27 ಕಿಲೋಮೀಟರಿನಂತೆ ಏರುತ್ತಿದ್ದರೆ, ಇನ್ನೊಂದು ಎರಡನೆಯ ಗೇರಿಗೆ ಇಳಿದು 19 ಕಿಲೋಮೀಟರ್ ವೇಗದಲ್ಲಿ ತೆವಳುತ್ತಿರುತ್ತದೆ. ಬಯಲಿನಲ್ಲಿ ಗೆದ್ದದ್ದು ಘಟ್ಟದಲ್ಲಿ ಸೋಲುತ್ತದೆ. ಈ ವ್ಯತ್ಯಾಸವೆಲ್ಲವೂ ಹಿಂದಿನ ಆ್ಯಕ್ಸಲಿನ ಒಳಗಿರುವ ಒಂದು ಜೊತೆ ಹಲ್ಲುಚಕ್ರಗಳಲ್ಲಿ, ಅದರಲ್ಲಿಯೂ ಒಂದೇ ಒಂದು ಹಲ್ಲಿನಲ್ಲಿ ಅಡಗಿದೆ.

ಲಾರಿಯ ವೇಗವನ್ನು ಎಂಜಿನ್ನಿನ ಅಶ್ವಶಕ್ತಿಯೇ ನಿರ್ಧರಿಸುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಇದು ಅರ್ಧ ಸತ್ಯ. ಎಂಜಿನ್ನಿನಲ್ಲಿ ಹುಟ್ಟಿದ ಚಲನೆಯು ರಸ್ತೆಯನ್ನು ತಲುಪುವ ಮೊದಲು ಎರಡು ಕಡೆಗಳಲ್ಲಿ ಮಾರ್ಪಾಡಾಗುತ್ತದೆ. ಮೊದಲ ಮಾರ್ಪಾಡು ಚಾಲಕನ ಕೈಯಲ್ಲಿರುವ ಗೇರ್ ಬಾಕ್ಸಿನಲ್ಲಿ ಆಗುತ್ತದೆ. ಇದನ್ನು ಆತನು ಓಟದ ನಡುವೆ ಬೇಕೆಂದಾಗ ಬದಲಾಯಿಸಬಲ್ಲ. ಎರಡನೆಯದು ಹಿಂದಿನ ಆ್ಯಕ್ಸಲಿನಲ್ಲಿ, ಎಂದರೆ ಗ್ಯಾರೇಜುಗಳಲ್ಲಿ ಹೌಸಿಂಗ್ ಎಂದು ಕರೆಯಲ್ಪಡುವ ಉಬ್ಬಿದ ಭಾಗದೊಳಗೆ ನಡೆಯುತ್ತದೆ. ಪ್ರೊಪೆಲರ್ ಶಾಫ್ಟಿನ ತುದಿಯಲ್ಲಿರುವ ಪಿನಿಯನ್ ಎಂಬ ಚಿಕ್ಕ ಹಲ್ಲುಚಕ್ರವು ಕ್ರೌನ್ ಎಂಬ ದೊಡ್ಡ ಹಲ್ಲುಚಕ್ರವನ್ನು ತಿರುಗಿಸುತ್ತದೆ. ಕ್ರೌನಿನಲ್ಲಿ 41 ಹಲ್ಲುಗಳೂ ಪಿನಿಯನ್ನಿನಲ್ಲಿ 6 ಹಲ್ಲುಗಳೂ ಇದ್ದರೆ, ಪಿನಿಯನ್ 6.83 ಸುತ್ತು ತಿರುಗಿದಾಗ ಚಕ್ರವು ಒಂದು ಸುತ್ತು ತಿರುಗುತ್ತದೆ. ಪಿನಿಯನ್ನಿನಲ್ಲಿ 7 ಹಲ್ಲುಗಳಿದ್ದರೆ ಈ ಸಂಖ್ಯೆ 5.86 ಆಗುತ್ತದೆ. ಇದನ್ನೇ ಆ್ಯಕ್ಸಲ್ ಅನುಪಾತವೆನ್ನುವರು. ಕಾರ್ಖಾನೆಯಲ್ಲಿ ಒಮ್ಮೆ ನಿಗದಿಯಾದ ಈ ಅನುಪಾತ, ಒಂದೇ ಅನುಪಾತದ ಆ್ಯಕ್ಸಲುಳ್ಳ ಸಾಮಾನ್ಯ ಲಾರಿಯಲ್ಲಿ, ಬಿಚ್ಚಿ ಬದಲಿಸದ ಹೊರತು ಬದಲಾಗದು.

ಲೆಕ್ಕದ ಬಗೆ

ವೇಗದ ಲೆಕ್ಕಕ್ಕೆ ಬೇಕಾದುದು ನಾಲ್ಕು ಸಂಖ್ಯೆಗಳು ಮಾತ್ರ: ಎಂಜಿನ್ನಿನ ನಿಮಿಷದ ಸುತ್ತುಗಳು, ಬಳಸುತ್ತಿರುವ ಗೇರಿನ ಅನುಪಾತ, ಆ್ಯಕ್ಸಲಿನ ಅನುಪಾತ ಮತ್ತು ಟೈರಿನ ಸುತ್ತಳತೆ. ಎಂಜಿನ್ನಿನ ಸುತ್ತುಗಳನ್ನು ಗೇರಿನ ಅನುಪಾತದಿಂದಲೂ ಆ್ಯಕ್ಸಲಿನ ಅನುಪಾತದಿಂದಲೂ ಭಾಗಿಸಿದರೆ ಚಕ್ರದ ನಿಮಿಷದ ಸುತ್ತುಗಳು ದೊರೆಯುತ್ತವೆ. ಅದನ್ನು ಟೈರಿನ ಸುತ್ತಳತೆಯಿಂದ ಗುಣಿಸಿದರೆ ಲಾರಿಯು ಒಂದು ನಿಮಿಷದಲ್ಲಿ ಕ್ರಮಿಸುವ ದೂರ ತಿಳಿಯುತ್ತದೆ.

ನಮ್ಮ ದೇಶದ ರಸ್ತೆಗಳಲ್ಲಿ ಬಹುಕಾಲದಿಂದ ದುಡಿಯುತ್ತಿರುವ ಮಾದರಿಯ ಎರಡು ಆ್ಯಕ್ಸಲಿನ ಒಂದು ಲಾರಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಸರಕೂ ಸೇರಿ ಅದರ ತೂಕ 16 ಟನ್. ಎಂಜಿನ್ ನಿಮಿಷಕ್ಕೆ 2,400 ಸುತ್ತುಗಳಲ್ಲಿ 130 ಅಶ್ವಶಕ್ತಿಯನ್ನು ನೀಡುತ್ತದೆ. ಐದು ಗೇರುಗಳ ಅನುಪಾತ ಕ್ರಮವಾಗಿ 7.0, 4.1, 2.4, 1.5 ಮತ್ತು 1.0. ಇಪ್ಪತ್ತು ಅಂಗುಲದ ರಿಮ್ಮಿನ ಮೇಲೆ ಕೂರುವ ಅದರ ಟೈರು ಒಂದು ಸುತ್ತಿಗೆ ಸುಮಾರು 3.2 ಮೀಟರ್ ಮುಂದೆ ಸಾಗುತ್ತದೆ. ಐದನೆಯ ಗೇರಿನ ಅನುಪಾತ ಒಂದು ಆಗಿರುವುದರಿಂದ ಎಂಜಿನ್ನೂ ಪ್ರೊಪೆಲರ್ ಶಾಫ್ಟೂ ಸಮನಾಗಿ ತಿರುಗುತ್ತವೆ. ಇದಕ್ಕೆ ನೇರ ಗೇರು ಎಂದು ಹೆಸರು. ಆ್ಯಕ್ಸಲಿನ ಅನುಪಾತ 6.83 ಇದ್ದಲ್ಲಿ ಚಕ್ರವು ನಿಮಿಷಕ್ಕೆ 351 ಸುತ್ತು ತಿರುಗಿ ಲಾರಿಯು ನಿಮಿಷಕ್ಕೆ ಸುಮಾರು 1,124 ಮೀಟರ್, ಎಂದರೆ ಗಂಟೆಗೆ 67 ಕಿಲೋಮೀಟರಿಗೆ ತುಸು ಹೆಚ್ಚು ಓಡುತ್ತದೆ. ಅನುಪಾತ 5.86 ಆದರೆ ಅದೇ ಎಂಜಿನ್, ಅದೇ ಗೇರು, ಅದೇ ಟೈರಿನಲ್ಲಿ ವೇಗವು 78 ಕಿಲೋಮೀಟರನ್ನು ಮೀರುತ್ತದೆ. ಮೊದಲ ಗೇರಿನಲ್ಲಾದರೋ ಈ ಲಾರಿಗಳು ಗಂಟೆಗೆ ಕ್ರಮವಾಗಿ 9.6 ಮತ್ತು 11.2 ಕಿಲೋಮೀಟರಿಗಿಂತ ಹೆಚ್ಚು ಓಡಲಾರವು.

ಎಂಜಿನ್ನನ್ನು 2,400ಕ್ಕಿಂತ ಹೆಚ್ಚು ಸುತ್ತಿಸಬಾರದೇಕೆ ಎಂಬ ಪ್ರಶ್ನೆ ಇಲ್ಲಿ ಸಹಜ. ಡೀಸೆಲ್ ಎಂಜಿನ್ನಿನ ಒಳಭಾಗಗಳು ಭಾರವಾದವು; ಅಧಿಕ ಸುತ್ತುಗಳಲ್ಲಿ ಪಿಸ್ಟನ್, ಕನೆಕ್ಟಿಂಗ್ ರಾಡ್ ಮತ್ತು ಕವಾಟಗಳ ಮೇಲೆ ಬೀಳುವ ಬಲ ಅಪಾಯಕರವಾಗಿ ಬೆಳೆಯುತ್ತದೆ. ಆದಕಾರಣ ನಿಗದಿತ ಸುತ್ತುಗಳನ್ನು ಮುಟ್ಟಿದೊಡನೆ ಡೀಸೆಲ್ ಪೂರೈಕೆಯನ್ನು ಮೊಟಕುಗೊಳಿಸುವ ಗವರ್ನರ್ ಎಂಬ ಏರ್ಪಾಡು ಹಿಂದಿನ ಎಂಜಿನ್ನುಗಳಲ್ಲಿ ಇಂಧನ ಪಂಪಿನಲ್ಲಿಯೇ ಇರುತ್ತಿತ್ತು. ಇಂದಿನವುಗಳಲ್ಲಿ ಆ ಕೆಲಸವನ್ನು ಎಲೆಕ್ಟ್ರಾನಿಕ್ ನಿಯಂತ್ರಣ ಘಟಕವು ಮಾಡುತ್ತದೆ. ಈ ಗವರ್ನರ್ ಡೀಸೆಲನ್ನು ಮಾತ್ರ ತಡೆಯಬಲ್ಲದು, ಲಾರಿಯನ್ನು ತಡೆಯಲಾರದು ಎಂಬುದನ್ನು ನೆನಪಿನಲ್ಲಿಡಬೇಕು. ಇಳಿಜಾರಿನ ಪ್ರಸ್ತಾಪ ಬಂದಾಗ ಈ ಭೇದವು ಪ್ರಾಣದ ಪ್ರಶ್ನೆಯಾಗುತ್ತದೆ.

ಗೇರು ಬಿಟ್ಟರೂ ಗಾಳಿ ಬಿಡದು

ಗೇರಿನ ಲೆಕ್ಕವು ಹೇಳುವ ವೇಗವು ಅನುಮತಿ ಮಾತ್ರ. ಆ ವೇಗವನ್ನು ಮುಟ್ಟಲು ಬೇಕಾದ ಶಕ್ತಿ ಎಂಜಿನ್ನಿನಲ್ಲಿ ಇರುವುದೋ ಇಲ್ಲವೋ ಎಂಬುದು ಬೇರೆಯೇ ಪ್ರಶ್ನೆ. ಸಮತಟ್ಟಾದ ರಸ್ತೆಯಲ್ಲಿ ಲಾರಿಗೆ ಎದುರಾಗುವ ಪ್ರತಿರೋಧಗಳು ಮುಖ್ಯವಾಗಿ ಎರಡು: ಟೈರು ಉರುಳುವಾಗಿನ ಪ್ರತಿರೋಧ ಮತ್ತು ಗಾಳಿಯ ಪ್ರತಿರೋಧ. ಮೊದಲನೆಯದು ತೂಕವನ್ನು ಅನುಸರಿಸುತ್ತದೆ, ವೇಗದೊಡನೆ ಹೆಚ್ಚು ಬದಲಾಗದು. ಗಾಳಿಯದಾದರೋ ವೇಗವು ಎರಡು ಪಟ್ಟಾದರೆ ನಾಲ್ಕು ಪಟ್ಟಾಗುತ್ತದೆ. ಅದನ್ನು ಎದುರಿಸಲು ಬೇಕಾಗುವ ಅಶ್ವಶಕ್ತಿಯು ಎಂಟು ಪಟ್ಟಾಗುತ್ತದೆ. ಮೇಲೆ ಹೇಳಿದ 16 ಟನ್ನಿನ ಲಾರಿಗೆ ಗಂಟೆಗೆ 60 ಕಿಲೋಮೀಟರ್ ವೇಗವನ್ನು ಕಾಯ್ದುಕೊಳ್ಳಲು, ಸ್ಥೂಲ ಲೆಕ್ಕದಲ್ಲಿ, 55 ಅಶ್ವಶಕ್ತಿ ಸಾಕು. ವೇಗ 80 ಆದರೆ ಸುಮಾರು 98 ಬೇಕು. 100 ಕಿಲೋಮೀಟರಿಗೆ 160 ಅಶ್ವಶಕ್ತಿಯಾದರೂ ಬೇಕಾಗುತ್ತದೆ.

ಹಾಗಾಗಿ 130 ಅಶ್ವಶಕ್ತಿಯ ಈ ಲಾರಿಗೆ ಇನ್ನೂ ವೇಗದ ಆ್ಯಕ್ಸಲನ್ನು ಜೋಡಿಸಿ, ಲೆಕ್ಕದಲ್ಲಿ 100 ಕಿಲೋಮೀಟರ್ ಬರುವಂತೆ ಮಾಡಿದರೂ ಅದು ತುಂಬಿದ ಸರಕಿನೊಂದಿಗೆ ಆ ವೇಗವನ್ನು ಎಂದಿಗೂ ಮುಟ್ಟದು. ತೊಂಬತ್ತರ ಆಸುಪಾಸಿನಲ್ಲಿ ಗಾಳಿಯೇ ಅದನ್ನು ಹಿಡಿದು ನಿಲ್ಲಿಸುತ್ತದೆ. ಎದುರುಗಾಳಿಯಿದ್ದರೆ ಅದಕ್ಕೂ ಮೊದಲೇ. ಟಾರ್ಪಾಲು ಸಡಿಲವಾಗಿ ಹಾರಾಡುತ್ತಿದ್ದರೆ ಅಥವಾ ಸರಕು ಕ್ಯಾಬಿನ್ನಿನ ಮೇಲಕ್ಕೆ ಎದ್ದುನಿಂತಿದ್ದರೆ ಪರಿಸ್ಥಿತಿ ಮತ್ತಷ್ಟು ಬಿಗಡಾಯಿಸುತ್ತದೆ. ಮೊದಲನೆಯ ಲಾರಿಯು 67ರಲ್ಲಿ ನಿಂತದ್ದು ಶಕ್ತಿ ಸಾಲದೆ ಅಲ್ಲ, ಗೇರು ಮುಗಿದುದರಿಂದ. ಅತಿವೇಗದ ಆ್ಯಕ್ಸಲಿನ ಲಾರಿಯು ನಿಲ್ಲುವುದು ಗೇರು ಉಳಿದಿದ್ದರೂ ಶಕ್ತಿ ಮುಗಿದುದರಿಂದ.

ಘಟ್ಟದ ಲೆಕ್ಕ

ಏರಿನಲ್ಲಿ ಗಾಳಿಯ ಮಾತು ಹಿಂದೆ ಸರಿದು ತೂಕದ ಮಾತು ಮುಂದೆ ಬರುತ್ತದೆ. ಗುಡ್ಡಗಾಡಿನ ರಸ್ತೆಗಳಲ್ಲಿ ಏರಿಕೆಯು ಸಾಮಾನ್ಯವಾಗಿ 20 ಮೀಟರಿಗೆ ಒಂದು ಮೀಟರನ್ನು ಮೀರಬಾರದೆಂಬುದು ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡ. ಅನಿವಾರ್ಯವಾದೆಡೆ ಅದಕ್ಕಿಂತ ಕಡಿದಾದ ಏರುಗಳಿಗೂ ಅವಕಾಶವಿದೆ. 16 ಮೀಟರಿಗೆ ಒಂದು ಮೀಟರ್ ಏರುವ ರಸ್ತೆಯೊಂದನ್ನು ತೆಗೆದುಕೊಂಡರೆ ಲೆಕ್ಕ ಸುಲಭವಾಗುತ್ತದೆ. ಅಲ್ಲಿ 16 ಟನ್ನಿನ ಲಾರಿಯನ್ನು ಅದರ ತೂಕದ ಹದಿನಾರನೆಯ ಒಂದು ಭಾಗ, ಎಂದರೆ 1,000 ಕಿಲೋಗ್ರಾಂ ತೂಕದಷ್ಟು ಬಲವು ಸತತವಾಗಿ ಹಿಂದಕ್ಕೆ ಜಗ್ಗುತ್ತಿರುತ್ತದೆ. ಟೈರುಗಳ ಪ್ರತಿರೋಧವನ್ನು ಸೇರಿಸಿದರೆ ಅದು 1,130 ಕಿಲೋಗ್ರಾಮಿನ ಹತ್ತಿರಕ್ಕೆ ಬರುತ್ತದೆ.

ಇದನ್ನು ಗೆಲ್ಲಲು ಚಕ್ರಗಳಲ್ಲಿ ಸುಮಾರು 5,650 ನ್ಯೂಟನ್ ಮೀಟರಿನಷ್ಟು ತಿರುಗುಬಲ, ಎಂದರೆ ಮೆಕ್ಯಾನಿಕರು ಟಾರ್ಕ್ ಎನ್ನುವುದು, ದೊರೆಯಬೇಕು. ನಮ್ಮ ಉದಾಹರಣೆಯ ಎಂಜಿನ್ ಕೊಡಬಲ್ಲ ಗರಿಷ್ಠ ಟಾರ್ಕ್ 420 ನ್ಯೂಟನ್ ಮೀಟರ್ ಎಂದಿಟ್ಟುಕೊಂಡರೆ, ಉಳಿದುದನ್ನು ಗೇರುಗಳೇ ಗುಣಿಸಿ ಕೊಡಬೇಕು. ವೇಗವನ್ನು ಭಾಗಿಸುವ ಅನುಪಾತವೇ ಬಲವನ್ನು ಗುಣಿಸುತ್ತದೆ. ಸನ್ನೆಗೋಲಿನ ನ್ಯಾಯವೇ ಇಲ್ಲಿಯೂ ನಡೆಯುವುದು. ಹಾದಿಯಲ್ಲಿ ನೂರಕ್ಕೆ ಹತ್ತು ಪಾಲು ಘರ್ಷಣೆಯಲ್ಲಿ ನಷ್ಟವಾಗುತ್ತದೆಂದು ಭಾವಿಸಿದರೆ, 6.83 ಅನುಪಾತದ ಲಾರಿಯು ಮೂರನೆಯ ಗೇರಿನಲ್ಲಿ ಎಂಜಿನ್ನಿನಿಂದ ಕೇಳುವುದು 383 ನ್ಯೂಟನ್ ಮೀಟರ್. ಅದು ಎಂಜಿನ್ನಿನ ಅಳವಿನೊಳಗೇ ಇದೆ. ಲಾರಿಯು ಗಂಟೆಗೆ 27 ಕಿಲೋಮೀಟರಿನಂತೆ ಏರುತ್ತದೆ. 5.86 ಅನುಪಾತದ ಲಾರಿಯು ಅದೇ ಗೇರಿನಲ್ಲಿ 446 ನ್ಯೂಟನ್ ಮೀಟರನ್ನು ಕೇಳುತ್ತದೆ. ಅಷ್ಟು ಬಲ ಎಂಜಿನ್ನಿನಲ್ಲಿ ಇಲ್ಲ. ಸುತ್ತುಗಳು ಕುಸಿಯುತ್ತವೆ, ಎಂಜಿನ್ ನಡುಗುತ್ತದೆ, ಚಾಲಕನು ಎರಡನೆಯ ಗೇರಿಗೆ ಇಳಿಯಬೇಕಾಗುತ್ತದೆ. ಎರಡನೆಯ ಗೇರಿನ ಗರಿಷ್ಠ ಮಿತಿಯೇ 19 ಕಿಲೋಮೀಟರ್. ಹೆಚ್ಚು ವೇಗಕ್ಕೆಂದು ಆರಿಸಿದ ಆ್ಯಕ್ಸಲು ಹೀಗೆ ವೇಗವನ್ನೇ ಕಸಿದುಕೊಂಡಿತು.

ಈ ಫಲಿತಾಂಶವು ಎಲ್ಲ ಏರಿನಲ್ಲಿಯೂ ಇದೇ ರೀತಿ ಬರುವುದೆಂದು ಹೇಳಲಾಗದು. ಏರು ಇನ್ನಷ್ಟು ಸೌಮ್ಯವಾಗಿದ್ದರೆ ಎರಡು ಲಾರಿಗಳೂ ಒಂದೇ ಗೇರಿನಲ್ಲಿ ಸಾಗಿ, ವೇಗದ ಆ್ಯಕ್ಸಲಿನದೇ ತುಸು ಮುಂದಿರಲೂಬಹುದು. ತೂಕ ಹೆಚ್ಚಿದರೆ ಎರಡೂ ಮೂರನೆಯ ಗೇರನ್ನು ಬಿಡಬೇಕಾದೀತು. ಎರಡು ಗೇರುಗಳ ನಡುವಿನ ಅಂತರ ಎಷ್ಟು ದೊಡ್ಡದೋ ಅಷ್ಟು ದೊಡ್ಡ ದಂಡವನ್ನು ಚಾಲಕನು ತೆರಬೇಕಾಗುತ್ತದೆ ಎಂಬುದೇ ಇದರ ತಿರುಳು. 2.4ರಿಂದ 4.1ಕ್ಕೆ ಇಳಿಯುವುದು ಮಹಡಿಯ ಮೆಟ್ಟಿಲಿನಲ್ಲಿ ಒಂದನ್ನು ಹಾರಿ ಕೆಳಗಿನದಕ್ಕೆ ಕಾಲಿಟ್ಟಂತೆ. ಒಂಬತ್ತು, ಹನ್ನೆರಡು, ಹದಿನಾರು ಗೇರುಗಳ ಪೆಟ್ಟಿಗೆಗಳು ಭಾರಿ ಟ್ರೇಲರುಗಳಲ್ಲಿ ಬಳಕೆಗೆ ಬಂದುದಕ್ಕೆ ಇದೇ ಕಾರಣ. ಅವು ಗರಿಷ್ಠ ವೇಗವನ್ನು ಹೆಚ್ಚಿಸಲು ಬಂದವಲ್ಲ. ನಡುವಣ ಮೆಟ್ಟಿಲುಗಳನ್ನು ಕಟ್ಟಿಕೊಡಲು ಬಂದವು.

ಓವರ್‌ಡ್ರೈವ್ ಎಂಬ ಮಧ್ಯಮ ಮಾರ್ಗ

ಘಟ್ಟಕ್ಕೂ ಬಯಲಿಗೂ ಒಂದೇ ಲಾರಿ ಸಲ್ಲಬೇಕಾದಾಗ ತಯಾರಕರು ಹಿಡಿದ ದಾರಿಯೆಂದರೆ ನೇರ ಗೇರಿನ ಮೇಲೊಂದು ಗೇರನ್ನು ಕೂಡಿಸುವುದು. ಓವರ್‌ಡ್ರೈವ್ ಎನ್ನಲಾಗುವ ಈ ಗೇರಿನ ಅನುಪಾತ ಒಂದಕ್ಕಿಂತ ಕಡಿಮೆ. ಅದು 0.8 ಇದ್ದರೆ ಎಂಜಿನ್ 80 ಸುತ್ತು ತಿರುಗುವಷ್ಟರಲ್ಲಿ ಪ್ರೊಪೆಲರ್ ಶಾಫ್ಟ್ 100 ಸುತ್ತು ತಿರುಗಿರುತ್ತದೆ. 6.83 ಅನುಪಾತದ ಲಾರಿಗೆ ಇಂತಹ ಆರನೆಯ ಗೇರು ದೊರೆತರೆ ಅದರ ಮಿತಿಯು 67ರಿಂದ 84 ಕಿಲೋಮೀಟರಿಗೆ ಏರುತ್ತದೆ, ಘಟ್ಟದ ಬಲವು ಕುಂದುವುದಿಲ್ಲ.

ಆದರೆ ಇದರ ನಿಜವಾದ ಲಾಭ 84ರಲ್ಲಿ ಓಡುವುದಲ್ಲ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ನೇರ ಗೇರಿನ ಎಂಜಿನ್ ನಿಮಿಷಕ್ಕೆ ಸುಮಾರು 2,130 ಸುತ್ತು ತಿರುಗಬೇಕಾಗುತ್ತದೆ. ಓವರ್‌ಡ್ರೈವಿನಲ್ಲಿ 1,700 ಸಾಕು. ಈ ಬಗೆಯ ಡೀಸೆಲ್ ಎಂಜಿನ್ನುಗಳು 1,300ರಿಂದ 1,700 ಸುತ್ತುಗಳ ಆಸುಪಾಸಿನಲ್ಲಿ ಮಿತವಾದ ಇಂಧನದಲ್ಲಿ ಕೆಲಸ ಮಾಡುವುದರಿಂದ ಉಳಿತಾಯವು ಪ್ರತಿ ಪ್ರಯಾಣದಲ್ಲಿಯೂ ಕಾಣುತ್ತದೆ. ಕ್ಯಾಬಿನ್ನಿನಲ್ಲಿ ಸದ್ದು ತಗ್ಗಿ ಚಾಲಕನ ಆಯಾಸವೂ ಕಡಿಮೆಯಾಗುತ್ತದೆ. ಓವರ್‌ಡ್ರೈವಿಗೂ ಒಂದು ಕುಂದುಂಟು. ನೇರ ಗೇರಿನಲ್ಲಿ ಒಳಬರುವ ದಂಡವೂ ಹೊರಹೋಗುವ ದಂಡವೂ ಪರಸ್ಪರ ಬೆಸೆದುಕೊಂಡು ತಿರುಗಿದರೆ, ಓವರ್‌ಡ್ರೈವಿನಲ್ಲಿ ಬಲವು ಎರಡು ಜೊತೆ ಹಲ್ಲುಗಳನ್ನು ಹಾದು ಬರಬೇಕಾಗಿ ಅಲ್ಪ ನಷ್ಟ ಉಂಟಾಗುತ್ತದೆ. ಯೂರೋಪಿನ ದೂರಪ್ರಯಾಣದ ಲಾರಿಗಳಲ್ಲಿ ಅನೇಕವು ಈ ಕಾರಣದಿಂದ ನೇರ ಗೇರನ್ನೇ ಕೊನೆಯದಾಗಿ ಇಟ್ಟುಕೊಂಡು, ಆ್ಯಕ್ಸಲ್ ಅನುಪಾತವನ್ನು 2.6ರ ಸುತ್ತಮುತ್ತಲಿಗೆ ಇಳಿಸಿವೆ. ಗಂಟೆಗೆ 85 ಕಿಲೋಮೀಟರಿನಲ್ಲಿ ಅವುಗಳ ಎಂಜಿನ್ ಸುಮಾರು 1,150 ಸುತ್ತುಗಳಲ್ಲಿ ಶಾಂತವಾಗಿ ತಿರುಗುತ್ತಿರುತ್ತದೆ. ಅಷ್ಟು ಕಡಿಮೆ ಸುತ್ತುಗಳಲ್ಲಿ ಅಗಾಧ ಟಾರ್ಕ್ ನೀಡುವ ಎಂಜಿನ್ನುಗಳು ಅವಕ್ಕಿವೆ. ಅಂತಹ ಎಂಜಿನ್ ಇಲ್ಲದೆ ಆ ಅನುಪಾತವನ್ನು ಮಾತ್ರ ಅನುಕರಿಸಿದರೆ ಲಾರಿ ನಿಂತಲ್ಲಿಂದ ಕದಲುವುದೇ ಕಷ್ಟ.

ಇದಕ್ಕೆ ವಿರುದ್ಧವಾದ ತುದಿಯಲ್ಲಿ ಗಣಿ ಮತ್ತು ಕಟ್ಟಡ ಕಾಮಗಾರಿಯ ಟಿಪ್ಪರುಗಳಿವೆ. ಅವುಗಳಲ್ಲಿ ಕೆಲವಕ್ಕೆ ಕ್ರೌನ್ ಪಿನಿಯನ್ನಿನ ಇಳಿಕೆಯ ಜೊತೆಗೆ ಚಕ್ರದ ಹಬ್ಬಿನೊಳಗೂ ಮತ್ತೊಂದು ಗೇರಿನ ಇಳಿಕೆಯಿರುತ್ತದೆ. ಹೆದ್ದಾರಿಯಲ್ಲಿ ಇವು ಮಂದಗತಿಯ ವಾಹನಗಳೆಂದು ಹಿಂದಿನ ಕಾರುಗಳು ಎಷ್ಟೇ ಹಾರ್ನ್ ಮಾಡಲಿ, ಕೆಸರಿನ ಗುಂಡಿಯಿಂದ ತುಂಬಿದ ಹೊರೆಯೊಂದಿಗೆ ಮೇಲೇರಿ ಬರುವುದೇ ಅವುಗಳ ಧರ್ಮ.

ಕಾನೂನಿನ ಮಿತಿ ಮತ್ತು ಗ್ಯಾರೇಜಿನ ಬದಲಾವಣೆ

ಕೇಂದ್ರ ಸರ್ಕಾರವು 2018ರ ಏಪ್ರಿಲ್ ತಿಂಗಳಿನಲ್ಲಿ ಹೊರಡಿಸಿದ ಅಧಿಸೂಚನೆಯು ಸರಕು ವಾಹನಗಳ ಗರಿಷ್ಠ ವೇಗವನ್ನು ಎಕ್ಸ್‌ಪ್ರೆಸ್ ಮಾರ್ಗಗಳಲ್ಲಿಯೂ ವಿಭಜಕವುಳ್ಳ ಚತುಷ್ಪಥ ರಸ್ತೆಗಳಲ್ಲಿಯೂ ಗಂಟೆಗೆ 80 ಕಿಲೋಮೀಟರ್ ಎಂದೂ, ನಗರದೊಳಗಿನ ಮತ್ತು ಇತರ ರಸ್ತೆಗಳಲ್ಲಿ 60 ಎಂದೂ ಗೊತ್ತುಪಡಿಸಿತು. ರಾಜ್ಯಗಳು ಮತ್ತು ಸ್ಥಳೀಯ ಅಧಿಕಾರಿಗಳು ಘಟ್ಟ ಮೊದಲಾದ ಕಡೆಗಳಲ್ಲಿ ಇದಕ್ಕಿಂತ ಕಡಿಮೆ ಮಿತಿಯನ್ನು ವಿಧಿಸಬಹುದು. ಅಲ್ಲದೆ ಕೇಂದ್ರ ಮೋಟಾರು ವಾಹನ ನಿಯಮಗಳ 118ನೆಯ ನಿಯಮದ ತಿದ್ದುಪಡಿಯಂತೆ, 2015ರ ಅಕ್ಟೋಬರ್ 1ರಿಂದ ತಯಾರಾದ ಸಾರಿಗೆ ವಾಹನಗಳು, ಕೆಲವು ವಿನಾಯಿತಿಗಳನ್ನು ಬಿಟ್ಟು, 80 ಕಿಲೋಮೀಟರಿಗೆ ಹೊಂದಿಸಿದ ವೇಗ ನಿಯಂತ್ರಕವನ್ನು ಹೊಂದಿರಬೇಕು. ಡಂಪರ್, ಟ್ಯಾಂಕರ್, ಶಾಲಾ ವಾಹನ ಮತ್ತು ಅಪಾಯಕಾರಿ ಸರಕಿನ ವಾಹನಗಳಿಗೆ ಈ ಮಿತಿ 60.

ಇಲ್ಲಿ ಒಂದು ಸೂಕ್ಷ್ಮವಿದೆ. ಹಲವು ಲಾರಿಗಳಲ್ಲಿ ವೇಗವನ್ನು ಅಳೆಯುವ ಸಾಧನವು ಗೇರ್ ಬಾಕ್ಸಿನಿಂದ ಹೊರಬರುವ ದಂಡದ ಸುತ್ತುಗಳನ್ನು ಎಣಿಸುತ್ತದೆ, ಚಕ್ರದ ಸುತ್ತುಗಳನ್ನಲ್ಲ. ಮೂಲ ಆ್ಯಕ್ಸಲಿನ ಅನುಪಾತವನ್ನು ಆಧಾರವಾಗಿಟ್ಟುಕೊಂಡು ಅದು ವೇಗವನ್ನು ತೋರಿಸುತ್ತದೆ. ಹೆಚ್ಚಿನ ವೇಗದ ಆಸೆಯಿಂದಲೋ, ಹಳೆಯ ಭಾಗ ಅಗ್ಗಕ್ಕೆ ದೊರೆಯಿತೆಂದೋ, 6.83ರ ಜಾಗದಲ್ಲಿ 5.86ರ ಕ್ರೌನ್ ಪಿನಿಯನ್ನನ್ನು ಕೂರಿಸಿ ಮೀಟರನ್ನು ಹಾಗೆಯೇ ಬಿಟ್ಟರೆ, ಮೀಟರು 60 ತೋರಿಸುವಾಗ ಲಾರಿಯು 70ರಲ್ಲಿ ಓಡುತ್ತಿರುತ್ತದೆ. ಅದೇ ಸಂಕೇತವನ್ನು ನಂಬಿರುವ ವೇಗ ನಿಯಂತ್ರಕವು, ಎಂಜಿನ್ನಿಗೆ ಶಕ್ತಿಯೂ ಗೇರೂ ಉಳಿದಿದ್ದಲ್ಲಿ, 80 ಎಂದುಕೊಂಡು 93ರವರೆಗೆ ಬಿಟ್ಟುಕೊಡುತ್ತದೆ. ಚಾಲಕನಿಗೆ ತಾನು ಮಿತಿಯನ್ನು ಮೀರಿರುವುದೇ ತಿಳಿದಿರುವುದಿಲ್ಲ. ತಿರುವಿನಲ್ಲಿ ಲಾರಿ ವಾಲಿದಾಗಲೋ, ನಿಲ್ಲಬೇಕಾದಲ್ಲಿ ನಿಲ್ಲದಾಗಲೋ ತಿಳಿಯುತ್ತದೆ. ಟೈರಿನ ಅಳತೆಯನ್ನು ಬದಲಿಸಿದಾಗಲೂ ಇದೇ ದೋಷವು ಸಣ್ಣ ಪ್ರಮಾಣದಲ್ಲಿ ಉಂಟಾಗುತ್ತದೆ. ಅನುಪಾತವನ್ನು ಬದಲಿಸಲೇಬೇಕಾದರೆ ಆ ಮಾದರಿಗೆ ತಯಾರಕರು ಒಪ್ಪಿರುವ ಅನುಪಾತವನ್ನೇ ಆರಿಸಿ, ಅಧಿಕೃತ ಕಾರ್ಯಾಗಾರದಲ್ಲಿ ಮೀಟರನ್ನೂ ನಿಯಂತ್ರಕವನ್ನೂ ಮತ್ತೆ ಹೊಂದಿಸಿಕೊಳ್ಳುವುದು ಅವಶ್ಯಕ.

ಇಳಿಜಾರಿನಲ್ಲಿ ಗೇರಿಲ್ಲದ ಲಾರಿ

ಇದುವರೆಗಿನ ಲೆಕ್ಕವೆಲ್ಲವೂ ಎಂಜಿನ್ ಚಕ್ರವನ್ನು ತಿರುಗಿಸುವ ಸಂದರ್ಭದ್ದು. ಇಳಿಜಾರಿನಲ್ಲಿ ಚಕ್ರವೇ ಎಂಜಿನ್ನನ್ನು ತಿರುಗಿಸುತ್ತದೆ. ಗರಿಷ್ಠ ವೇಗವೆಂಬ ಮಾತಿನ ಅರ್ಥವೇ ಅಲ್ಲಿ ತಲೆಕೆಳಗಾಗುತ್ತದೆ. 16 ಟನ್ನಿನ ಲಾರಿಯು 500 ಮೀಟರ್ ಎತ್ತರದಿಂದ ಕೆಳಗಿಳಿದಾಗ ಬಿಡುಗಡೆಯಾಗುವ ಶಕ್ತಿಯು ಸುಮಾರು 230 ಲೀಟರ್ ತಣ್ಣೀರನ್ನು, ಎಂದರೆ ಹಲವು ಹಂಡೆಗಳಷ್ಟನ್ನು, ಕುದಿಯುವ ಮಟ್ಟಕ್ಕೆ ಕಾಯಿಸಲು ಸಾಕು. ಇಷ್ಟೂ ಶಾಖವು ಬ್ರೇಕ್ ಡ್ರಮ್ಮುಗಳಿಗೇ ಹೋದರೆ ಲೈನಿಂಗುಗಳು ಸುಟ್ಟು ಹಿಡಿತ ಕಳೆದುಕೊಳ್ಳುತ್ತವೆ. ಪೆಡಲನ್ನು ತುಳಿದರೂ ಲಾರಿ ನಿಲ್ಲದ ಸ್ಥಿತಿ ಇದೇ. ಗೇರಿನಲ್ಲಿರುವ ಎಂಜಿನ್ ಈ ಶಕ್ತಿಯ ದೊಡ್ಡ ಪಾಲನ್ನು ತಾನು ನುಂಗಿಕೊಳ್ಳುತ್ತದೆ. ಎಕ್ಸಾಸ್ಟ್ ಬ್ರೇಕ್ ಇದ್ದಲ್ಲಿ ಇನ್ನೂ ಹೆಚ್ಚು. ಕೆಳಗಿನ ಗೇರು ಚಕ್ರದಲ್ಲಿ ಎಳೆಯುವ ಬಲವನ್ನು ಹೇಗೆ ಹೆಚ್ಚಿಸುವುದೋ ಹಾಗೆಯೇ ತಡೆಯುವ ಬಲವನ್ನೂ ಹೆಚ್ಚಿಸುತ್ತದೆ. ವೇಗದ ಆ್ಯಕ್ಸಲಿನ ಲಾರಿಯು ಅದೇ ಗೇರಿನಲ್ಲಿ, ಅದೇ ಎಂಜಿನ್ ಸುತ್ತುಗಳಲ್ಲಿ, ಈ ತಡೆಯಲ್ಲಿಯೂ ನೂರಕ್ಕೆ ಹದಿನಾಲ್ಕರಷ್ಟು ಹಿಂದೆ ಬೀಳುತ್ತದೆಂಬುದನ್ನು ಅದನ್ನು ಮೆಚ್ಚಿಕೊಂಡವರು ಗಮನಿಸುವುದು ವಿರಳ.

ಡೀಸೆಲ್ ಉಳಿಸುವ ಆಸೆಯಿಂದ ನ್ಯೂಟ್ರಲಿನಲ್ಲಿ, ಕೆಲವೊಮ್ಮೆ ಎಂಜಿನ್ನನ್ನೇ ನಿಲ್ಲಿಸಿ ಘಟ್ಟ ಇಳಿಯುವ ಚಾಳಿಯು ಈ ರಕ್ಷಣೆಯನ್ನು ಪೂರ್ತಿಯಾಗಿ ಕಿತ್ತುಹಾಕುತ್ತದೆ. ಎಂಜಿನ್ ನಿಂತರೆ ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರೂ ನಿಲ್ಲುತ್ತದೆ. ಪವರ್ ಸ್ಟೀರಿಂಗ್ ಇದ್ದರೆ ಅದರ ನೆರವೂ ಹೋಗುತ್ತದೆ. ವಿಪರ್ಯಾಸವೆಂದರೆ ಉಳಿತಾಯವೂ ಭ್ರಮೆಯೇ. ಗೇರಿನಲ್ಲಿ, ಆಕ್ಸಿಲರೇಟರಿನಿಂದ ಕಾಲು ತೆಗೆದು ಇಳಿಯುವಾಗ ಇಂದಿನ ಎಂಜಿನ್ನುಗಳಿಗೆ ಡೀಸೆಲ್ ಪೂರೈಕೆಯೇ ಕಡಿತವಾಗಿರುತ್ತದೆ. ನ್ಯೂಟ್ರಲಿನಲ್ಲಿ ತಾನೇ ತಿರುಗುತ್ತಿರಲು ಅದಕ್ಕೆ ಡೀಸೆಲ್ ಬೇಕಾಗುತ್ತದೆ. ಬೆಂಗಳೂರಿನ ಕಡೆಯಿಂದ ಪುಣೆಯನ್ನು ಪ್ರವೇಶಿಸುವ ಲಾರಿಗಳು ಕಾತ್ರಜ್ ಹೊಸ ಸುರಂಗವನ್ನು ದಾಟಿದೊಡನೆ ನವಲೆ ಸೇತುವೆಯ ಕಡೆಗೆ ಉದ್ದನೆಯ ಇಳಿಜಾರನ್ನು ಎದುರಿಸುತ್ತವೆ. ಆ ಇಳಿಜಾರು ಅನೇಕ ಅಪಘಾತಗಳನ್ನು ಕಂಡಿದೆ; 2022ರ ನವೆಂಬರ್ 20ರ ರಾತ್ರಿ ಅಲ್ಲಿ ಹತೋಟಿ ತಪ್ಪಿದ ಒಂದು ಭಾರಿ ವಾಹನವು ಹತ್ತಾರು ವಾಹನಗಳನ್ನು ಜಖಂಗೊಳಿಸಿತು.

ಇಳಿಜಾರು ಆರಂಭವಾದ ಮೇಲೆ ಕೆಳಗಿನ ಗೇರನ್ನು ಹುಡುಕುವುದು ತಡವಾದ ಪ್ರಯತ್ನ. 6.83 ಅನುಪಾತದ ಲಾರಿಯು ಗಂಟೆಗೆ 56 ಕಿಲೋಮೀಟರಿನಲ್ಲಿ ಉರುಳುತ್ತಿರುವಾಗ ಮೂರನೆಯ ಗೇರನ್ನು ಹಾಕಿದರೆ ಎಂಜಿನ್ ನಿಮಿಷಕ್ಕೆ 4,800 ಸುತ್ತು ತಿರುಗಬೇಕಾಗುತ್ತದೆ. ಗವರ್ನರ್ ಡೀಸೆಲನ್ನು ತಡೆದರೂ ರಸ್ತೆಯು ಎಂಜಿನ್ನನ್ನು ತಿರುಗಿಸುತ್ತಲೇ ಇರುತ್ತದೆ, ಕವಾಟಗಳು ಮುರಿಯುತ್ತವೆ. ಸಾಮಾನ್ಯವಾಗಿ ಗೇರು ಬೀಳುವುದೇ ಇಲ್ಲ, ಮೇಲಿನದು ಬಿಟ್ಟು ಕೆಳಗಿನದು ಸಿಕ್ಕದೆ ಲಾರಿಯು ನ್ಯೂಟ್ರಲಿನಲ್ಲಿ ಸಿಕ್ಕಿಬೀಳುತ್ತದೆ. ಏರಲು ಯಾವ ಗೇರು ಬೇಕೋ ಇಳಿಯಲೂ ಅದೇ ಗೇರು ಎಂಬ ಹಳೆಯ ಚಾಲಕರ ಮಾತು ಕನಿಷ್ಠ ಎಚ್ಚರ. ಅದನ್ನು ಘಟ್ಟದ ನೆತ್ತಿಯಲ್ಲಿಯೇ ಹಾಕಿಕೊಳ್ಳಬೇಕು.

ಯಾವ ಲಾರಿಗೆ ಯಾವ ಅನುಪಾತ

ಚೆನ್ನೈಯಿಂದ ವಿಜಯವಾಡದ ಮೂಲಕ ಕರಾವಳಿಯ ಬಯಲಿನಲ್ಲಿ, ಅಥವಾ ದೆಹಲಿಯ ಸುತ್ತಣ ಸಮತಲದಲ್ಲಿ ಓಡುವ ಲಾರಿಗೆ ವೇಗದ ಆ್ಯಕ್ಸಲು ಒಪ್ಪುತ್ತದೆ. ಶಿರಾಡಿ ಘಾಟಿಯ ಮೂಲಕ ಮಂಗಳೂರು ಬಂದರಿಗೆ, ಇಲ್ಲವೇ ಖಂಬಾಟಕಿ ಮತ್ತು ಭೋರ್ ಘಾಟುಗಳನ್ನು ದಾಟಿ ಮುಂಬಯಿಗೆ ಹೋಗಿಬರುವ ಲಾರಿಗೆ ದೊಡ್ಡ ಅನುಪಾತವೂ ಓವರ್‌ಡ್ರೈವೂ ಕೂಡಿದ ಜೋಡಣೆ ಮೇಲು. 2018ರ ಜುಲೈ ತಿಂಗಳಿನ ಅಧಿಸೂಚನೆಯಿಂದ ಎರಡು ಆ್ಯಕ್ಸಲಿನ ಲಾರಿಯ ಒಟ್ಟು ತೂಕದ ಮಿತಿಯು 16.2 ಟನ್ನಿನಿಂದ 18.5 ಟನ್ನಿಗೆ ಏರಿತು. ಹಳೆಯ ಎಂಜಿನ್ನಿನ ಮೇಲೆ ಹೊಸ ತೂಕವನ್ನು ಲೆಕ್ಕಹಾಕುವವರು ಮೇಲಿನ ಘಟ್ಟದ ಸಂಖ್ಯೆಗಳನ್ನು ಮತ್ತೊಮ್ಮೆ ನೋಡುವುದು ಒಳಿತು. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿ.ಎಸ್. 6 ಮಟ್ಟದ ಹೊಸ ಲಾರಿಗಳಲ್ಲಿ ಟಾರ್ಕ್ ಸಾಕಷ್ಟು ಹೆಚ್ಚಿರುವುದರಿಂದ ಅವು ಚಿಕ್ಕ ಅನುಪಾತವನ್ನು ಸುಲಭವಾಗಿ ಹೊರಬಲ್ಲವು.

ಹಳೆಯ ಲಾರಿಯನ್ನು ಕೊಳ್ಳುವವರಿಗೆ ಅದರ ಆ್ಯಕ್ಸಲ್ ಅನುಪಾತ ತಿಳಿಯುವುದು ಕಷ್ಟವೇನಲ್ಲ. ಹೌಸಿಂಗಿನ ಮೇಲಿನ ಫಲಕ ಉಳಿದಿದ್ದರೆ ಅದರಲ್ಲಿಯೇ ಹಲ್ಲುಗಳ ಸಂಖ್ಯೆ ದೊರೆಯಬಹುದು. ಇಲ್ಲದಿದ್ದಲ್ಲಿ, ಸಮತಟ್ಟಾದ ಗಟ್ಟಿ ನೆಲದಲ್ಲಿ ಖಾಲಿ ಲಾರಿಯನ್ನು ನಿಲ್ಲಿಸಿ, ನೆಲದ ಮೇಲುಳಿಯುವ ಚಕ್ರಗಳ ಹಿಂದೆ ಮುಂದೆ ಭದ್ರವಾದ ಅಡ್ಡಕಟ್ಟೆಗಳನ್ನಿಟ್ಟು, ಹಿಂದಿನ ಒಂದು ಬದಿಯನ್ನು ಮಾತ್ರ ಜಾಕಿನಿಂದ ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಬೇಕು. ಎಂಜಿನ್ ನಿಂತಿರಬೇಕು, ಗೇರು ನ್ಯೂಟ್ರಲಿನಲ್ಲಿರಬೇಕು, ಹ್ಯಾಂಡ್ ಬ್ರೇಕ್ ಬಿಟ್ಟಿರಬೇಕು. ಪ್ರೊಪೆಲರ್ ಶಾಫ್ಟಿಗೂ ಎತ್ತಿದ ಚಕ್ರಕ್ಕೂ ಸೀಮೆಸುಣ್ಣದಿಂದ ಗುರುತು ಹಾಕಿ ಚಕ್ರವನ್ನು ಕೈಯಿಂದ ಸರಿಯಾಗಿ ಎರಡು ಸುತ್ತು ತಿರುಗಿಸಬೇಕು. ಇನ್ನೊಂದು ಬದಿಯ ಚಕ್ರ ನಿಂತೇ ಇರುವುದರಿಂದ ಡಿಫರೆನ್ಷಿಯಲಿನ ಮೂಲಕ ಕ್ರೌನ್ ತಿರುಗುವುದು ಅದರ ಅರ್ಧ, ಎಂದರೆ ಒಂದೇ ಸುತ್ತು. ಅಷ್ಟರಲ್ಲಿ ಶಾಫ್ಟು ಆರೂಮುಕ್ಕಾಲಿಗಿಂತ ತುಸು ಹೆಚ್ಚು ಸುತ್ತು ತಿರುಗಿದರೆ ಅದು 6.83ರ ಆ್ಯಕ್ಸಲು, ಐದೂಮುಕ್ಕಾಲಿಗಿಂತ ತುಸು ಹೆಚ್ಚು ತಿರುಗಿದರೆ 5.86ರದು. ಮಾರುವವನು ಹೇಳಿದ ಅನುಪಾತಕ್ಕೂ ಈ ಎಣಿಕೆಗೂ ತಾಳೆಯಾಗದಿದ್ದರೆ, ಆ ಲಾರಿಯ ಸ್ಪೀಡೋಮೀಟರು ತೋರಿಸುವ ವೇಗವನ್ನೂ ಬೇರೊಂದು ವಿಶ್ವಾಸಾರ್ಹ ಅಳತೆಯೊಂದಿಗೆ ಹೋಲಿಸಿ ನೋಡಿದ ಮೇಲೆಯೇ ವ್ಯವಹಾರ ಮುಗಿಸುವುದು ಸೂಕ್ತ.